ಹಬಕ್ಕೂಕನ ಒಂದು ಪದವೂ ಅದರ ಭಾಷಾಂತರವೂ

ನೀತಿವಂತನು ಯಾವುದರಿಂದ ಬಾಳುತ್ತಾನೆಂಬುದಕ್ಕೆ ಹೀಬ್ರೂ ಪ್ರವಾದಿ ಹಬಕ್ಕೂಕನು ತನ್ನ ಗ್ರಂಥದ 2ನೆಯ ಅಧ್ಯಾಯದ 4ನೆಯ ವಚನದಲ್ಲಿ ಕೊಡುವ ಉತ್ತರವು 'ಎಮೂನಾ' ಎಂಬ ಒಂದೇ ಪದ. ಸ್ಥೈರ್ಯ, ಮಾತಿಗೆ ತಪ್ಪದ ನಡತೆ ಇವು ಅದರ ಮುಖ್ಯಾರ್ಥಗಳು. ವಿಮೋಚನಕಾಂಡದ 17ನೆಯ ಅಧ್ಯಾಯದಲ್ಲಿ ಮೋಶೆಯ ಕೈಗಳು ಕದಲದೆ ನಿಂತುದನ್ನು ಹೇಳುವಲ್ಲಿಯೂ ಇದೇ ಪದವಿರುವುದನ್ನು ನಾವು ಗಮನಿಸಬೇಕು.

ಕ್ರಿಸ್ತಪೂರ್ವದ ಗ್ರೀಕ್ ಭಾಷಾಂತರವಾದ ಸೆಪ್ಟುವಜಿಂಟಿನಲ್ಲಿ ಇದಕ್ಕೆ 'ಪಿಸ್ಟಿಸ್' ಎಂಬ ಪದವು ಬಂದಿತು. ಅದು ನಂಬಿಕೆ, ನಂಬಿಗಸ್ತಿಕೆ ಎರಡನ್ನೂ ಒಳಗೊಳ್ಳುತ್ತದೆ. ಸರ್ವನಾಮವೂ ಬದಲಾಯಿತು: ಹೀಬ್ರೂವಿನ 'ಅವನ' ಎಂಬುದು ವ್ಯಾಟಿಕಾನಸ್ ಮೊದಲಾದ ಪ್ರತಿಗಳಲ್ಲಿ 'ನನ್ನ', ಎಂದರೆ ದೇವರ, ಎಂದಾಗಿದೆ. 'ವಾವ್', 'ಯೋದ್' ಅಕ್ಷರಗಳ ಹೋಲಿಕೆಯು ಇದಕ್ಕೆ ಕಾರಣವಾಗಿರಬಹುದು.

ಪೌಲನು ರೋಮಾಪುರದವರಿಗೂ ಗಲಾತ್ಯದವರಿಗೂ ಬರೆದ ಪತ್ರಗಳಲ್ಲಿ ಆ ಸರ್ವನಾಮವನ್ನೇ ಕೈಬಿಟ್ಟು, ಧರ್ಮಶಾಸ್ತ್ರದ ಕ್ರಿಯೆಗಳಿಗೆ ಪ್ರತಿಯಾಗಿ ನಂಬಿಕೆಯನ್ನು ನಿಲ್ಲಿಸಿದನು. ಆದರೆ ಕುಮ್ರಾನಿನಲ್ಲಿ 1947ರಲ್ಲಿ ದೊರೆತ ಹಬಕ್ಕೂಕ ವ್ಯಾಖ್ಯಾನವು ಇದೇ ವಚನವನ್ನು ಧರ್ಮಶಾಸ್ತ್ರವನ್ನು ಆಚರಿಸುವವರಿಗೆ, ನೀತಿಬೋಧಕನಲ್ಲಿ ಅವರಿಗಿದ್ದ ನಿಷ್ಠೆಗೆ ಅನ್ವಯಿಸುತ್ತದೆ. ಅಲ್ಲಿ ಆಚರಣೆಗೂ ನಂಬಿಕೆಗೂ ವಿರೋಧವಿಲ್ಲ.

ಲೂಥರನು 1522ರ ಜರ್ಮನ್ ಹೊಸ ಒಡಂಬಡಿಕೆಯಲ್ಲಿ, ರೋಮಾಪುರದವರಿಗೆ ಬರೆದ ಪತ್ರದ 3ನೆಯ ಅಧ್ಯಾಯದ 28ನೆಯ ವಚನಕ್ಕೆ, ಮೂಲದಲ್ಲಿಲ್ಲದ 'ಮಾತ್ರ' ಎಂಬ ಪದವನ್ನು ಸೇರಿಸಿದನು. 1530ರಲ್ಲಿ ಅದು ಜರ್ಮನ್ ನುಡಿಯ ಜಾಯಮಾನವೆಂದೂ ಪೌಲನ ಅಭಿಪ್ರಾಯವೆಂದೂ ಸಮರ್ಥಿಸಿದನು. 1547ರಲ್ಲಿ ಟ್ರೆಂಟ್ ಸಭೆಯು ಆ ಸಿದ್ಧಾಂತವನ್ನು ಖಂಡಿಸಿತು.

ಭಾಷಾಂತರವೇ ಸಿದ್ಧಾಂತವನ್ನು ಸೃಷ್ಟಿಸಿತೆಂದು ನಾವು ಹೇಳಲಾರೆವು. ಮೂಲಪದದಲ್ಲಿ ಒಂದಾಗಿದ್ದ ನಂಬುವುದನ್ನೂ ನಂಬಿಕೆಗೆ ಅರ್ಹನಾಗಿ ನಡೆಯುವುದನ್ನೂ ಬೇರ್ಪಡಿಸಲು ಅದು ಅವಕಾಶವಿತ್ತಿತೆಂಬುದು ಮಾತ್ರ ಸ್ಪಷ್ಟ.