ಗೊಳಸಂಗಿ ಸೀಮೆಯ ಒಕ್ಕಲು ಮನೆತನಗಳ ಪೂರ್ವೇತಿಹಾಸ

ಗೊಳಸಂಗಿಯಲ್ಲಿ ಹುಟ್ಟಿ ಗೊಳಸಂಗಿಯಲ್ಲಿಯೇ ಒಕ್ಕಲುತನ ಮಾಡಿಕೊಂಡು ಬಾಳಿದ ಮನೆಗೆ ‘ಗೊಳಸಂಗಿ’ ಎಂಬ ಅಡ್ಡಹೆಸರು ಬರುವದು ವಿರಳವು. ಊರೊಳಗಿನವರೆಲ್ಲರೂ ಗೊಳಸಂಗಿಯವರೇ ಆಗಿರುವದರಿಂದ ಆ ಹೆಸರಿನಿಂದ ಒಬ್ಬರನ್ನು ಇನ್ನೊಬ್ಬರಿಂದ ಬೇರ್ಪಡಿಸಲು ಬಾರದು. ಒಬ್ಬನು ಊರು ಬಿಟ್ಟು ಪರಸ್ಥಳದಲ್ಲಿ ನೆಲೆನಿಂತಾಗ ಅಲ್ಲಿಯ ಜನರು ಅವನನ್ನು ಅವನ ಮೂಲ ಊರಿನ ಹೆಸರಿನಿಂದ ಕರೆಯುವರು. ಆದುದರಿಂದ ಈ ಅಡ್ಡಹೆಸರು ಸಾಮಾನ್ಯವಾಗಿ ಹಿರಿಯನೊಬ್ಬನು ಎಂದೋ ಊರನ್ನಗಲಿದನೆಂಬದರ ಗುರುತಾಗಿದೆ. ಅವನು ಯಾವಾಗ ಹೋದನು, ಏಕೆ ಹೋದನು, ಹಿಂದೆ ಉಳಿದವರು ಯಾರು ಎಂಬದನ್ನು ಹೆಸರೊಂದೇ ಹೇಳಲಾರದು. ಅದನ್ನು ಮನೆಯ ವಸ್ತುಗಳಿಂದಲೂ ಕಾಗದಪತ್ರಗಳಿಂದಲೂ ಅರಸಿ ತಿಳಿಯಬೇಕಾಗುವದು.

ಕುಲದ ಹೆಮ್ಮೆಯನ್ನು ತೊರೆದ ಶರಣರ ಅನುಯಾಯಿಗಳಿಗೆ ವಂಶಶೋಧನವು ಏತಕ್ಕೆಂಬ ಶಂಕೆಯು ಹುಟ್ಟುವದು ಸಹಜವೇ. ಇದೇ ಬಾಗೇವಾಡಿಯ ಸೀಮೆಯಲ್ಲಿ ಜನಿಸಿದ ಬಸವಣ್ಣನವರು ಜನ್ಮದಿಂದ ಬಂದ ಮೇಲ್ಮೆಯನ್ನು ನಿರಾಕರಿಸಿದರು. ಆದರೂ ಅವರ ತಂದೆ ಮಾದಿರಾಜನ ಹೆಸರನ್ನೂ ಬಾಗೇವಾಡಿಯ ಸಂಬಂಧವನ್ನೂ ಶಿಲೆಯ ಆಧಾರದಿಂದ ತೋರಿಸಿಕೊಟ್ಟುದು ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿರುವ 1260ನೆಯ ಇಸವಿಯ ಶಾಸನವು. ಅದು ಬಸವಣ್ಣನವರ ಅಣ್ಣ ದೇವರಾಜನ ವಂಶದ ಹಾಲಬಸವಿದೇವರಿಗೆ ಕೊಟ್ಟ ದತ್ತಿಯ ಶಾಸನವಾಗಿದೆ. ದತ್ತಿಗಾಗಿ ಬರೆದ ಕಲ್ಲು ಇತಿಹಾಸವನ್ನು ಉಳಿಸಿತು. ಹಿರಿಯರನ್ನು ನೆನೆಯುವದು ಬೇರೆ, ಹಿರಿಯರಿಂದ ಹಿರಿತನವನ್ನು ಬೇಡುವದು ಬೇರೆ. ಅವರು ಉತ್ತ ನೆಲ, ತೀರಿಸಿದ ಸಾಲ, ಮಾಡಿದ ದಾಸೋಹ ಇವುಗಳನ್ನರಿಯುವದು ಕಾಯಕದ ಸ್ಮರಣೆಯೇ ಸರಿ.

ಈ ಭಾಗದಲ್ಲಿ ಒಕ್ಕಲು ಮನೆಗಳ ವಂಶಾವಳಿಯನ್ನು ಕಾಪಾಡಿಕೊಂಡು ಬಂದವರು ಹೆಳವರು. ಸುಗ್ಗಿಯ ತರುವಾಯ ಎತ್ತನ್ನೇರಿ, ಗಂಟೆಯನ್ನು ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ತಲೆತಲಾಂತರದ ಹೆಸರುಗಳನ್ನು ಹೇಳುವದು ಅವರ ವೃತ್ತಿಯು. ಮೂಲ ಊರು, ಬೆಡಗು, ಕವಲೊಡೆದ ಮನೆಗಳು, ಹೊಸದಾಗಿ ಹುಟ್ಟಿದ ಮಕ್ಕಳು ಇವೆಲ್ಲ ಅವರ ಹೊತ್ತಗೆಯಲ್ಲಿ ಸೇರುವವು. ಅದಕ್ಕೆ ಮನೆಯವರು ಕಾಳು, ಬಟ್ಟೆಗಳನ್ನು ಕೊಡುವರು. ಊರು ಬಿಟ್ಟು ಹೋದವನನ್ನು ಸರಕಾರದ ದಫ್ತರವು ಮರೆತರೂ ಹೆಳವನು ಮರೆಯುವದಿಲ್ಲ. ಹೋದಲ್ಲಿಗೆ ಹೋಗಿ ಅವನ ಮಕ್ಕಳ ಹೆಸರನ್ನು ಬರೆದುಕೊಳ್ಳುವನು. ಆದರೆ ಅವನ ಹೊತ್ತಗೆಯಲ್ಲಿ ಪೀಳಿಗೆಗಳ ಕ್ರಮವು ದೊರೆಯುವಷ್ಟು ಸುಲಭವಾಗಿ ಇಸವಿಗಳು ದೊರೆಯಲಾರವು.

ಇಸವಿಗಾಗಿ ಕಾಗದಗಳನ್ನು ನೋಡಬೇಕು. ಈ ಪ್ರಾಂತವು 1686ರವರೆಗೆ ಆದಿಲಶಾಹಿ ಅರಸರಿಗೂ, ಅನಂತರ ಮೊಗಲರಿಗೂ ನಿಜಾಮರಿಗೂ, 1760ರಿಂದ ಪೇಶವೆಯರಿಗೂ ಒಳಪಟ್ಟಿತ್ತು. 1818ರಲ್ಲಿ ಪೇಶವಾಯಿಯು ಅಳಿದ ಮೇಲೆ ಇದರ ಬಹುಭಾಗವು ಸಾತಾರೆಯ ಅರಸನಿಗೆ ಸಂದು, 1848ರಲ್ಲಿ ಇಂಗ್ಲಿಷರ ಕೈಸೇರಿತು. ಆದಕಾರಣ ಒಂದೇ ಮನೆಯ ಪೆಟ್ಟಿಗೆಯಲ್ಲಿ ಪಾರಸಿ ಸನದು, ಮೋಡಿ ಲಿಪಿಯ ಪತ್ರ, ಕನ್ನಡ ಕರಾರು ಮೂರೂ ದೊರೆತರೆ ಆಶ್ಚರ್ಯವಿಲ್ಲ. ಇವುಗಳ ಕಾಲಗಣನೆಯೂ ಬೇರೆ ಬೇರೆ. 1818-19ನೆಯ ವರ್ಷವೇ ಶಾಲಿವಾಹನ ಶಕದಲ್ಲಿ 1740, ಸುಹೂರ ಸನ್ನಿನಲ್ಲಿ 1219, ದಕ್ಷಿಣದ ಫಸಲಿಯಲ್ಲಿ 1228 ಆಗುವದು. ಸುಹೂರ ಸನ್ನಿಗೆ 599ನ್ನೂ ಫಸಲಿಗೆ 590ನ್ನೂ ಕೂಡಿಸಿದರೆ ವರ್ಷಾರಂಭದ ಇಸವಿಯು ದೊರೆಯುವದು. ಒಂದನ್ನು ಇನ್ನೊಂದೆಂದು ಓದಿದರೆ ಒಂಬತ್ತು ವರ್ಷ ತಪ್ಪುವದು. ಸಂವತ್ಸರದ ಹೆಸರೊಂದೇ ಇದ್ದರೆ ಅಪಾಯವು ಇನ್ನೂ ಹೆಚ್ಚು. ಧಾತು ಸಂವತ್ಸರವು 1816ರಲ್ಲಿಯೂ ಬಂದಿತು, 1876ರಲ್ಲಿಯೂ ಬಂದಿತು. ಇದನ್ನು ಗಮನಿಸದಿದ್ದರೆ ಮೊಮ್ಮಗನನ್ನು ಅಜ್ಜನೆಂದು ತಿಳಿಯುವ ಪ್ರಸಂಗವು ಬರುವದು. ಇಂಗ್ಲಿಷರ ಮೋಜಣಿಯಿಂದ ಹೊಲಗಳಿಗೆ ಸರ್ವೆ ನಂಬರುಗಳು ಬಂದವು. 1903ರ ಮುಂಬಯಿ ಕಾಯದೆಯಿಂದ ಹಕ್ಕುಗಳ ದಾಖಲೆಯು ಮೊದಲಾಯಿತು. ಅಂದಿನಿಂದ ವಾರಸಾ ನೋಂದುಗಳಲ್ಲಿ ತಂದೆಯಿಂದ ಮಗನಿಗೆ ಹೊಲವು ಇಳಿದ ಬಗೆಯನ್ನು ಕಾಣಬಹುದು.

ಕೆಲವು ಮನೆಗಳಲ್ಲಿ ಈ ಸರಣಿಯು 1876ರ ಆಚೆಗೆ ತಟ್ಟನೆ ಕಡಿದುಹೋಗುವದು. ಆ ಧಾತು, ಈಶ್ವರ ಸಂವತ್ಸರಗಳ ಬರಗಾಲವು ಈ ಜಿಲ್ಲೆಯನ್ನು ಬರಿದು ಮಾಡಿತು. ಆಗ ಕಲಾದಗಿ ಎಂಬ ಹೆಸರಿದ್ದ ಜಿಲ್ಲೆಯ ಜನಸಂಖ್ಯೆಯು 1872ರಲ್ಲಿ 8 ಲಕ್ಷ 16 ಸಾವಿರವಿದ್ದುದು 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿಯಿತು. ಸತ್ತವರೆಷ್ಟೋ, ದೇಶಾಂತರ ಹೋದವರೆಷ್ಟೋ! ಖಾತೆಯಲ್ಲಿ ಹೆಸರು ಬದಲಾಗಿರುವದಷ್ಟೇ ಕಾಣುವದು. ಹಳೆಯ ಹೆಸರಿನವನು ಮಡಿದನೋ ನಡೆದನೋ ಖಾತೆಯು ಹೇಳದು. ಪರಸ್ಥಳದಲ್ಲಿಯ ‘ಗೊಳಸಂಗಿ’ಯವರು ತಮ್ಮ ವಂಶಾವಳಿಯನ್ನು ಹೆಳವನ ಹೊತ್ತಗೆಯೊಡನೆ ಹೋಲಿಸಿ ನೋಡಿದಾಗ, ಮಡಿದನೆಂದು ಮನೆಯವರು ಕೈಬಿಟ್ಟ ಕವಲೊಂದು ಬದುಕಿರುವದು ಗೊತ್ತಾದರೂ ಆಗಬಹುದು.

ಕಾಗದಗಳಿಗೆ ಇನ್ನೊಂದು ಕೊರತೆಯುಂಟು. ಕಂದಾಯವನ್ನು ಕೊಟ್ಟವನನ್ನು ಅವು ಬಲ್ಲವು. ರೊಟ್ಟಿಯ ಬುತ್ತಿಯನ್ನು ಹೊಲಕ್ಕೆ ಹೊತ್ತವಳನ್ನು ಬಲ್ಲವುಗಳಲ್ಲ. ಹಳೆಯ ವಂಶವೃಕ್ಷಗಳಲ್ಲಿ ತಾಯಂದಿರ ಹೆಸರುಗಳು ದೊರೆಯುವದು ಅಪರೂಪವು. ಅವರ ಹೆಸರುಗಳು ಉಳಿದಿದ್ದರೆ ತವರುಮನೆಯವರು ಮದುವೆಯಲ್ಲಿ ಕೊಟ್ಟ ತಾಮ್ರದ ಕೊಡದ ಕಂಠದ ಮೇಲೋ, ಹಿತ್ತಾಳೆಯ ತಾಟಿನ ಅಂಚಿನ ಮೇಲೋ ಕೆತ್ತಿದ ಅಕ್ಷರಗಳಲ್ಲಿ ಉಳಿದಾವು. ಕರಡಿಗೆಯ ಬೆಳ್ಳಿ, ಎತ್ತಿನ ಕೊರಳ ಗೆಜ್ಜೆಸರ, ಸವೆದ ಕೂರಿಗೆಯ ಬಟ್ಟಲು, ಅಂಗಳದೊಳಗಿನ ಹಗೇವು ಇವೂ ಓದಲು ಬಲ್ಲವರಿಗೆ ಬರಹಗಳೇ. ಒಡೆದ ಕೊಡವನ್ನು ತೂಕಕ್ಕೆ ಹಾಕಿ ಹೊಸದನ್ನು ಕೊಳ್ಳುವಾಗ ತಾಯಿಯೊಬ್ಬಳ ಏಕಮಾತ್ರ ದಾಖಲೆಯು ಕರಗಿ ಹೋಗುವದೆಂಬದನ್ನು ಯಾರೂ ನೆನೆಯುವದಿಲ್ಲ.

ಮನೆಯ ವಸ್ತುಗಳ ಬೆಲೆಯನ್ನು ಈ ನಾಡಿಗೆ ಕಲಿಸಿದವರು ವಿಜಾಪುರದಲ್ಲಿ ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು. ಅವರು ಮನೆಮನೆಗಳಿಂದಲೂ ಮಠಗಳಿಂದಲೂ ತಾಡವೋಲೆಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಜಗಲಿಯ ಮೇಲೆ ಪೂಜೆಗೊಳ್ಳುತ್ತಿದ್ದ ಕಟ್ಟುಗಳು ಅವರ ಕೈಯಲ್ಲಿ ಮಾತನಾಡಿದವು. ವಚನಗಳಿಗೆ ದೊರೆತ ಈ ಭಾಗ್ಯವು ಒಕ್ಕಲಿಗನ ಕರಾರುಪತ್ರಕ್ಕೂ ದೊರೆಯಬೇಕು. 1964ರಲ್ಲಿ ಆಲಮಟ್ಟಿಯ ಆಣೆಕಟ್ಟಿಗೆ ಅಡಿಗಲ್ಲು ಬಿದ್ದ ಮೇಲೆ ಕೃಷ್ಣೆಯ ದಂಡೆಯ ಅನೇಕ ಊರುಗಳು ನೀರಿನಲ್ಲಿ ಮುಳುಗಿದವು. ಅಲ್ಲಿಯ ಹೊಲಗಳೀಗ ಸರ್ವೆ ನಂಬರುಗಳಾಗಿ ಮಾತ್ರ ಉಳಿದಿವೆ.

ಆದುದರಿಂದ ಪ್ರತಿಯೊಂದು ಮನೆಯವರು ಹಿರಿಯರು ಬದುಕಿರುವಾಗಲೇ ಕೇಳಿ ಬರೆದಿಡುವದು, ಕೊಡದ ಮೇಲಿನ ಅಕ್ಷರಗಳನ್ನು ಪ್ರತಿ ಮಾಡಿಕೊಳ್ಳುವದು, ಮೋಡಿಯ ಕಾಗದಗಳನ್ನು ಬಲ್ಲವರಿಂದ ಓದಿಸುವದು, ಹೆಳವನು ಬಂದಾಗ ಅವನನ್ನು ಬರಿಗೈಯಿಂದ ಕಳುಹದಿರುವದು ಅವಶ್ಯವು. ಅವುಗಳ ಪ್ರತಿಯೊಂದನ್ನು ಶ್ರೀಮಠದ ಭಂಡಾರದಲ್ಲಿ ಇಟ್ಟರೆ ಊರು ಬಿಟ್ಟು ಹೋದವರ ಮಕ್ಕಳು ಒಂದು ದಿನ ಬಂದು ಕೇಳಿದಾಗ ಉತ್ತರವು ಸಿದ್ಧವಿರುವದು. ಮಹೋತ್ಸವದ ಕಾಲದಲ್ಲಿ ಭಕ್ತರು ಮಠಕ್ಕೆ ಸಲ್ಲಿಸಬಹುದಾದ ಕಾಣಿಕೆಗಳಲ್ಲಿ ಇದೂ ಒಂದು.