ದತ್ತಕದ ಅರ್ಜಿ, ಕಲೆಕ್ಟರನ ಕಚೇರಿ ಮತ್ತು ಲಾವಣಿಯ ನ್ಯಾಯ

ಸವದತ್ತಿ ಎಲ್ಲಮ್ಮನ ಜಾತ್ರೆಯಿಂದ ಬೈಲಹೊಂಗಲದ ಹಳ್ಳಿಗಳವರೆಗೆ ಹಬ್ಬಿರುವ ಲಾವಣಿ, ಗೀಗೀ ಪರಂಪರೆಯಲ್ಲಿ ಕಿತ್ತೂರಿನ ಪತನಕ್ಕೆ ಕಾರಣ ಒಂದೇ: ಮನೆಯೊಳಗಿನ ದ್ರೋಹ. ಮಲ್ಲಪ್ಪಶೆಟ್ಟಿ, ವೆಂಕಟರಾಯರ ಹೆಸರುಗಳು ಇಲ್ಲಿ ಬೈಗುಳವಾಗಿಯೇ ಉಳಿದಿವೆ. ಜನಪದರ ಈ ತೀರ್ಪನ್ನು ತಳ್ಳಿಹಾಕುವುದು ಇಲ್ಲಿನ ಉದ್ದೇಶವಲ್ಲ. ಆದರೆ ಈ ತೀರ್ಪಿನಿಂದ ಧಾರವಾಡದ ಕಚೇರಿ ಅಗ್ಗವಾಗಿ ಪಾರಾಗಿದೆ ಎಂಬುದನ್ನು ಗಮನಿಸಬೇಕು.

1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡ ಮೇಲೆ ಈ ಸೀಮೆಯ ದೇಸಾಯಿಗಳ ಅಳಿವು ಉಳಿವು ಕಂಪನಿಯ ಒಪ್ಪಿಗೆಯನ್ನು ಅವಲಂಬಿಸಿತು. ಔರಸ ಪುತ್ರರಿಲ್ಲದ ಮನೆತನಕ್ಕಂತೂ ದತ್ತಕದ ಮಂಜೂರಾತಿಯೇ ಪ್ರಾಣ. ಶಾಸ್ತ್ರೋಕ್ತವಾಗಿ ಮಗುವನ್ನು ಮಡಿಲಿಗೆ ಹಾಕಿಕೊಂಡರೆ ಸಾಲದು, ಕಲೆಕ್ಟರನ ದಫ್ತರದಲ್ಲಿ ಅದು ಸರಿಯೆಂದು ದಾಖಲಾಗಬೇಕು. ಅರಮನೆಗೂ ಕಚೇರಿಗೂ ನಡುವೆ ಓಡಾಡುವ ಕಾರಭಾರಿಗಳ ಮಾತಿಗೆ ಬೆಲೆ ಬಂದದ್ದು ಹೀಗೆ. ಡಾಲ್‌ಹೌಸಿಯ ಹೆಸರಿಗೆ ಅಂಟಿದ ದತ್ತಕ ನಿರಾಕರಣೆಯ ನೀತಿ ಕಿತ್ತೂರಿನಲ್ಲಿ ಕಾಲು ಶತಮಾನ ಮೊದಲೇ ಪ್ರಯೋಗಗೊಂಡಿತ್ತು.

1824ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರ ಸರ್ಜ ದೇಸಾಯಿಯ ದತ್ತಕದ ಪತ್ರ ಕಲೆಕ್ಟರ್ ಥ್ಯಾಕರೆಯ ಕೈಸೇರಿತು. ಧಾರವಾಡದಿಂದ ವೈದ್ಯಾಧಿಕಾರಿ ಕಿತ್ತೂರಿಗೆ ಬರುವಷ್ಟರಲ್ಲಿ ದೇಸಾಯಿ ತೀರಿಕೊಂಡಿದ್ದನು. ಪತ್ರದ ತಾರೀಖು, ಸಹಿಗಳ ಮೇಲೆ ಸಂಶಯ ಹುಟ್ಟಿತು. ದತ್ತಕವನ್ನು ಒಪ್ಪದ ಥ್ಯಾಕರೆ, ಸಂಸ್ಥಾನದ ಕಾರಭಾರವನ್ನು ಮಲ್ಲಪ್ಪಶೆಟ್ಟಿ, ವೆಂಕಟರಾಯರಿಗೆ ವಹಿಸಿದನು. ಲಾವಣಿಕಾರನಿಗೆ ದ್ರೋಹಿಗಳಾದವರು ಕಚೇರಿಗೆ ನಂಬಿಗಸ್ಥರು! ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ನವರೆಗೂ ಬಿನ್ನಹ ಕಳುಹಿಸಿದಳು, ಫಲಿಸಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ಕೋಟೆಯ ಮುಂದೆ ಹತನಾದನು. ರಾಣಿ ಖಡ್ಗ ಹಿಡಿದದ್ದು ಪತ್ರವ್ಯವಹಾರದ ದಾರಿಗಳೆಲ್ಲ ಮುಚ್ಚಿದ ಮೇಲೆ ಎಂಬ ಸಂಗತಿಗೆ ವೀರಗಾಥೆಗಳಲ್ಲಿ ತಕ್ಕ ಜಾಗ ಸಿಕ್ಕಿಲ್ಲ. ಅವಳ ರಾಜಕಾರಣದ ತಾಳ್ಮೆಯೂ ಶೌರ್ಯದಷ್ಟೇ ಅಧ್ಯಯನಯೋಗ್ಯ.

ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ತೀರಿಕೊಂಡಳು. ಮರುವರ್ಷ ಸಂಗೊಳ್ಳಿ ರಾಯಣ್ಣ ದಂಡೆದ್ದದ್ದು ಅದೇ ದತ್ತುಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ. ಅವನ ದಂಡು ಆರಂಭದಲ್ಲಿಯೇ ಬೀಡಿಯ ಕಚೇರಿಗೆ ಬೆಂಕಿಯಿಟ್ಟಿತು. ಫ್ಲೀಟ್ ಸಂಗ್ರಹಿಸಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ರಾಯಣ್ಣನ ದಂಗೆಯೂ ಸೇರಿರುವುದು ನಮ್ಮ ಭಾಗ್ಯ. ಸಂಗ್ರಾಹಕ ಕಂಪನಿಯ ವಾರಸುದಾರ ಸರ್ಕಾರದ ಅಧಿಕಾರಿಯೆಂಬುದು ಬೇರೆ ಮಾತು.

ಕಿತ್ತೂರಿನ ನಂತರವೂ ಇದೇ ಕಥೆ ರಾಮದುರ್ಗದ ಬಳಿ ಮರುಕಳಿಸಿತು. ರಾಮದುರ್ಗ, ನರಗುಂದಗಳ ಅರಸರು ಒಂದೇ ಭಾವೆ ಮನೆತನದವರು, ಮಲಸಹೋದರರು. ಮಕ್ಕಳಿಲ್ಲದ ನರಗುಂದದ ಭಾಸ್ಕರರಾವ್‌ಗೆ ದತ್ತಕದ ಅನುಮತಿ ದೊರೆಯಲಿಲ್ಲ. 1858ರ ಮೇ ತಿಂಗಳಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ರಾಮದುರ್ಗಕ್ಕೆ ಬಂದಾಗ, ಭಾಸ್ಕರರಾವ್ ತನಗೆ ಬರೆದಿದ್ದ ಗುಟ್ಟಿನ ಪತ್ರವನ್ನು ಅಲ್ಲಿನ ಅರಸ ಅವನಿಗೆ ತೋರಿಸಿದನೆಂದು ಬೆಳಗಾವಿಯ ಗ್ಯಾಸೆಟಿಯರ್ ಹೇಳುತ್ತದೆ. ಆದರೂ ನರಗುಂದದ ಕಡೆಗೆ ಹೊರಟ ಮ್ಯಾನ್ಸನ್, ಸುರೇಬಾನದಲ್ಲಿ ರಾತ್ರಿ ತಂಗಿದ್ದಾಗ ಹತನಾದನು. ಭಾಸ್ಕರರಾವ್‌ನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು, ಅವನ ಸಂಸ್ಥಾನ ಕಂಪನಿಯ ವಶವಾಯಿತು. ಪತ್ರ ತೋರಿಸಿದ ರಾಮದುರ್ಗ 1948ರವರೆಗೆ ಉಳಿಯಿತು.