ನೀಲಿ ಚೀಟಿ, ಕೆಂಪು ಚೀಟಿ, ಹಳದಿ ಚೀಟಿ

ಮಕ್ಕಳಿಗೆ ಬಹುಮಾನ ಕೊಡಬೇಕೆ, ಕೊಟ್ಟರೆ ಯಾವುದಕ್ಕೆ ಕೊಡಬೇಕು? ಈಗ ತಾಯಿತಂದೆಯರಾಗಿರುವ, ಕೆಲವರು ಉಪಾಧ್ಯಾಯರೂ ಆಗಿರುವ ನನ್ನ ಹಳೆಯ ವಿದ್ಯಾರ್ಥಿಗಳು ಆಗಾಗ ಈ ಪ್ರಶ್ನೆಯನ್ನು ನನ್ನ ಮುಂದಿಡುತ್ತಾರೆ. ಇದಕ್ಕೆ ಇನ್ನೂರು ವರ್ಷಗಳನ್ನು ಮೀರಿದ ಚರಿತ್ರೆಯಿದೆ. ಕ್ರೈಸ್ತ ದೇವಾಲಯಗಳ ಭಾನುವಾರದ ಶಾಲೆಗಳಲ್ಲಿ ಆ ಚರಿತ್ರೆ ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಇಂಗ್ಲೆಂಡಿನ ಗ್ಲಾಸ್ಟರ್ ಪಟ್ಟಣದಲ್ಲಿ ವೃತ್ತಪತ್ರಿಕೆಯೊಂದನ್ನು ನಡೆಸುತ್ತಿದ್ದ ರಾಬರ್ಟ್ ರೇಕ್ಸ್ 1780ರಲ್ಲಿ ಬಡಮಕ್ಕಳಿಗಾಗಿ ಭಾನುವಾರದ ಶಾಲೆಯನ್ನು ಆರಂಭಿಸಿದನು. ಅಲ್ಲಿನ ಮಕ್ಕಳು ವಾರದ ಆರು ದಿನ ಗುಂಡುಸೂಜಿ ತಯಾರಿಕೆಯಂಥ ಕೆಲಸಗಳಲ್ಲಿ ದುಡಿಯುತ್ತಿದ್ದರು. ಅಕ್ಷರ ಕಲಿಯಲು ಅವರಿಗೆ ಉಳಿದದ್ದು ಒಂದೇ ದಿನ. ಶ್ರದ್ಧೆಯಿಂದ ಬಂದು ಕಲಿತವರಿಗೆ ರೇಕ್ಸ್ ಪುಸ್ತಕ, ಬಾಚಣಿಗೆ, ಪಾದರಕ್ಷೆಗಳನ್ನು ಕೊಡುತ್ತಿದ್ದನು. ಬರಿಗಾಲಿನ ಮಗುವಿಗೆ ಕೊಟ್ಟ ಪಾದರಕ್ಷೆ ಬಹುಮಾನವೂ ಹೌದು, ಅಗತ್ಯವೂ ಹೌದು.

ಈ ಶಾಲೆಗಳು ಅಮೆರಿಕಕ್ಕೆ ಹಬ್ಬಿದ ಮೇಲೆ ಬಹುಮಾನವು ಒಂದು ವ್ಯವಸ್ಥೆಯ ರೂಪ ತಾಳಿತು. ಬೈಬಲಿನ ಇಷ್ಟು ವಚನಗಳನ್ನು ಕಂಠಪಾಠ ಒಪ್ಪಿಸಿದರೆ ಒಂದು ಬಣ್ಣದ ಚೀಟಿ. ಚೀಟಿಗಳು ಕೂಡಿದರೆ ಪುಸ್ತಕ. ಮಕ್ಕಳು ನೂರುಗಟ್ಟಲೆ ವಚನಗಳನ್ನು ಅರ್ಥದ ಗೊಡವೆಯಿಲ್ಲದೆ ಒಪ್ಪಿಸತೊಡಗಿದರು. ಕೊನೆಗೆ 1820ರ ದಶಕದಲ್ಲಿ, ವಾರಕ್ಕೆ ಕೆಲವೇ ವಚನಗಳನ್ನು ಗೊತ್ತುಮಾಡಿ ಅವುಗಳ ಅರ್ಥವನ್ನು ವಿವರಿಸುವ ಪದ್ಧತಿಯನ್ನು ಅಲ್ಲಿನವರು ತರಬೇಕಾಯಿತು.

ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ಟಾಮ್ ಸಾಯರ್ ಕಾದಂಬರಿಯಲ್ಲಿ ಈ ವ್ಯವಸ್ಥೆಯ ಲೆಕ್ಕಾಚಾರವೆಲ್ಲ ಸಿಗುತ್ತದೆ. ಎರಡು ವಚನಕ್ಕೆ ಒಂದು ನೀಲಿ ಚೀಟಿ. ಹತ್ತು ನೀಲಿಗೆ ಒಂದು ಕೆಂಪು. ಹತ್ತು ಕೆಂಪಿಗೆ ಒಂದು ಹಳದಿ. ಹತ್ತು ಹಳದಿಗೆ ಒಂದು ಬೈಬಲ್. ಅಂದರೆ ಎರಡು ಸಾವಿರ ವಚನ! ಟಾಮ್ ಅವುಗಳನ್ನು ಕಲಿಯಲಿಲ್ಲ. ತನ್ನಲ್ಲಿದ್ದ ಚಿಲ್ಲರೆ ವಸ್ತುಗಳನ್ನು ಕೊಟ್ಟು ಇತರ ಹುಡುಗರ ಚೀಟಿಗಳನ್ನು ಕೊಂಡುಕೊಂಡನು. ಸಭೆಯ ಮುಂದೆ ಬೈಬಲನ್ನೂ ಪಡೆದನು. ಆದರೆ ಯೇಸುವಿನ ಮೊದಲ ಇಬ್ಬರು ಶಿಷ್ಯರ ಹೆಸರು ಕೇಳಿದಾಗ ಅವನಿಂದ ಬಂದ ಉತ್ತರ: ದಾವೀದ ಮತ್ತು ಗೊಲ್ಯಾತ! ನಕ್ಕು ಮರೆಯಬಹುದಾದ ಪ್ರಸಂಗ ಇದಲ್ಲ. ಚೀಟಿಗೆ ನಾಣ್ಯದ ಗುಣ ಬಂದೊಡನೆ ಅದು ಕೈಯಿಂದ ಕೈಗೆ ಹೋಗುತ್ತದೆ. ಕಲಿಕೆ ಹಾಗೆ ಹೋಗಲಾರದು.

ಆದರೂ ಪದ್ಧತಿ ಅಳಿಯಲಿಲ್ಲ. 1950ರಲ್ಲಿ ಷಿಕಾಗೊ ನಗರದಲ್ಲಿ ಲ್ಯಾನ್ಸ್ ಲೇಥಮ್ ಮತ್ತು ಆರ್ಟ್ ರೋರ್ಹೈಮ್ ಎಂಬವರು ಆರಂಭಿಸಿದ ಅವಾನಾ ಎಂಬ ಮಕ್ಕಳ ಕೂಟದಲ್ಲಿಯೂ ವಚನಗಳನ್ನು ಕಲಿತ ಮಕ್ಕಳಿಗೆ ಬಿಲ್ಲೆ, ಪದಕಗಳ ಸನ್ಮಾನವುಂಟು.

ಹಾಗಾದರೆ ಬಹುಮಾನವೇ ಕೆಟ್ಟದ್ದೆ? ಮಾರ್ಕ್ ಲೆಪರ್ ಮತ್ತು ಸಂಗಡಿಗರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುಶಾಲೆಯಲ್ಲಿ ನಡೆಸಿ 1973ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಇಲ್ಲಿ ನೆರವಾಗುತ್ತದೆ. ಚಿತ್ರ ಬರೆಯುವುದರಲ್ಲಿ ಮೊದಲೇ ಆಸಕ್ತಿಯಿದ್ದ 51 ಮಕ್ಕಳನ್ನು ಅವರು ಆರಿಸಿಕೊಂಡರು. ಕೆಲವರಿಗೆ ಮೊದಲೇ ಆಸೆ ತೋರಿಸಿ ಪ್ರಶಸ್ತಿಪತ್ರ ಕೊಟ್ಟರು. ಕೆಲವರಿಗೆ ಮುಂಚೆ ಹೇಳದೆ ಕೊಟ್ಟರು. ಉಳಿದವರಿಗೆ ಏನನ್ನೂ ಕೊಡಲಿಲ್ಲ. ಕೆಲವು ದಿನಗಳ ನಂತರ ನೋಡಿದರೆ, ಆಸೆ ತೋರಿಸಿದ್ದ ಮಕ್ಕಳು ಚಿತ್ರ ಬರೆಯುತ್ತಿದ್ದ ಹೊತ್ತು ಉಳಿದವರಿಗಿಂತ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೆ ಕೊಟ್ಟ ಬಹುಮಾನದಿಂದ ಅಂಥ ಹಾನಿ ಕಾಣಲಿಲ್ಲ.

ನಮ್ಮ ಶಾಲಾ ವಾರ್ಷಿಕೋತ್ಸವಗಳಲ್ಲಿ ವರ್ಷವರ್ಷವೂ ಅವರೇ ನಾಲ್ಕಾರು ಮಕ್ಕಳು ವೇದಿಕೆ ಹತ್ತುತ್ತಿದ್ದುದನ್ನು, ಉಳಿದವರೆಲ್ಲ ಚಪ್ಪಾಳೆ ತಟ್ಟುತ್ತಿದ್ದುದನ್ನು ನೀವೂ ಬಲ್ಲಿರಿ. ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಕಲಿಕೆಯ ರುಚಿಯನ್ನೇ ಕಾಣದ ಮಗುವನ್ನು ಕರೆತರಲು ರೇಕ್ಸ್ ಮಾಡಿದಂತೆ ಬಹುಮಾನವನ್ನು ಬಳಸಬಹುದು. ರುಚಿ ಹತ್ತಿದ ಮಗುವಿಗೆ ಮಾತ್ರ ಬೆಲೆಪಟ್ಟಿಯನ್ನು ತೋರಿಸಬೇಡಿ. ಅದು ಒಪ್ಪಿಸಿದ ಪದ್ಯಗಳನ್ನು ಎಣಿಸುತ್ತ ಕೂರುವುದರ ಬದಲು, ಅದರಲ್ಲಿ ಏನು ಹಿಡಿಸಿತೆಂದು ಕೇಳಿ. ಕುಳಿತು ಕೇಳುವ ಹಿರಿಯರೊಬ್ಬರು ದೊರೆತರೆ ಮಗುವಿಗೆ ಅದಕ್ಕಿಂತ ದೊಡ್ಡ ಬಹುಮಾನ ಬೇಕಾಗದು. ನಿಮ್ಮ ಅನುಭವವೇನೆಂಬುದನ್ನು ಬರೆದು ತಿಳಿಸಿರಿ.